ಪದ ಹಾಡಿದವರ ಪಾಲು

ರಾಣೇಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಂಥ ಊರುಗಳಲ್ಲಿ ಹಾಡುವವರಿಗೆ ಬರವಿಲ್ಲ. ಒಂದು ಭಜನಾ ಮೇಳ, ಒಂದು ಡೊಳ್ಳಿನ ತಂಡ, ಜಾತ್ರೆ ಬಂತೆಂದರೆ ಬಣ್ಣ ಹಚ್ಚುವ ನಾಟಕದ ಮಂದಿ, ಈಗೀಗ ಫೋನಿನ ಮುಂದೆ ಪದ ಹಾಡಿ ಯೂಟ್ಯೂಬಿಗೆ ಏರಿಸುವ ಹುಡುಗರು, ಇಷ್ಟು ಈ ಸೀಮೆಯಲ್ಲಿ ಎಲ್ಲಿ ಹೋದರೂ ಸಿಗುತ್ತದೆ. ಸಿಗದಿರುವುದು ಹಾಡಿನಿಂದಲೇ ಮನೆ ನಡೆಸುವವರು. ಪೇಟಿ ನುಡಿಸುವವನಿಗೆ ಎರಡೆಕರೆ ಗೋವಿನಜೋಳ ಇರುತ್ತದೆ. ತಬಲಾದವನು ಗೌಂಡಿ ಕೆಲಸಕ್ಕೆ ಹೋಗುತ್ತಾನೆ. ಮುಂದೆ ಕೂತು ಹಾಡುವಾತ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲ ಹೊರುತ್ತಾನೆ.

ಹಾಡಿದವರಿಗೆ ರೊಕ್ಕ ಯಾರು ಕೊಡಬೇಕು, ಯಾವ ಲೆಕ್ಕದಲ್ಲಿ ಕೊಡಬೇಕು, ಕೊಟ್ಟದ್ದು ನಡುದಾರಿಯಲ್ಲಿ ಎಲ್ಲಿ ಸೋರಿಹೋಗುತ್ತದೆ? ಭಕ್ತರು, ವಕೀಲರು, ಅರ್ಥಶಾಸ್ತ್ರಿಗಳು, ಆ್ಯಪ್ ಕಂಪನಿಯವರು ಒಬ್ಬೊಬ್ಬರೂ ಒಂದೊಂದು ಉತ್ತರ ಕೊಡುತ್ತ ಬಂದಿದ್ದಾರೆ. ನಾನೂ ಒಂದು ಮೇಳದಲ್ಲಿ ಪೇಟಿ ಹಿಡಿದು ಕೂತವನು. ಹಾಗಾಗಿ ಈ ಸಮೀಕ್ಷೆ ತಟಸ್ಥ ಎಂದು ಹೇಳಿಕೊಳ್ಳುವುದಿಲ್ಲ.

ಆಯೇರಿಯ ಕಾಲ

ಮೊದಲು ರೊಕ್ಕ ಕಣ್ಣೆದುರಿಗೇ ಬರುತ್ತಿತ್ತು. ಮೇಳ ಕರೆಸಲು ವೀಳ್ಯ ಕೊಡಬೇಕು, ಊಟ-ವಸತಿ ಊರಿನವರದು, ಹಾಡಿನ ನಡುವೆ ಮೆಚ್ಚಿದವರು ಆಯೇರಿ ಮಾಡುತ್ತಾರೆ. ಈ ಪದ್ಧತಿ ಇನ್ನೂ ಹೋಗಿಲ್ಲ. ರಾತ್ರಿ ಒಂದರ ಹೊತ್ತಿಗೆ ಸವಾಲ್-ಜವಾಬಿಗೆ ಕಾವೇರಿದಾಗ ಗುಡಿಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರು ಟವೆಲ್ ಕೊಡವಿ ಏಳುತ್ತಾರೆ, ಹಾಡುವವನ ಅಂಗಿಗೆ ಪಿನ್ನು ಚುಚ್ಚಿ ನೋಟು ಸಿಕ್ಕಿಸುತ್ತಾರೆ. ಪದ ಅಲ್ಲಿಗೇ ನಿಲ್ಲುತ್ತದೆ. ಮೈಕಿನಲ್ಲಿ ಕೊಟ್ಟವರ ಹೆಸರು, ಅವರ ತಂದೆಯ ಹೆಸರು, ಅಡ್ಡಹೆಸರು, ‘ಕಲಾವಿದರಿಗೆ ನೂರಾ ಒಂದು ರೂಪಾಯಿ’ ಎಂದು ಸಾರಿದ ಮೇಲೇ ಬಿಟ್ಟ ನುಡಿಯಿಂದ ಪದ ಮತ್ತೆ ಏಳುವುದು. ಹೆಸರು ತಪ್ಪಿ ಕೂಗಿದರೆ ಜಗಳವೇ. ನೂರಾ ಒಂದರಲ್ಲಿ ಹಾಡಿಗೆಷ್ಟು, ಊರ ಮುಂದೆ ಕೂಗಿಸಿಕೊಂಡ ಹೆಸರಿಗೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಈ ಮಾತು ಮುಂದೆ ಬೇಕಾಗುತ್ತದೆ.

ಗೀಗೀ ಮೇಳಗಳಲ್ಲಿ ಹರದೇಶಿಯವರು ಗಂಡು ಹೆಚ್ಚೆಂದು, ನಾಗೇಶಿಯವರು ಹೆಣ್ಣು ಹೆಚ್ಚೆಂದು ಬೆಳಗಿನವರೆಗೆ ವಾದಿಸಿ ಹಾಡುತ್ತಿದ್ದರು. ಪದ ಕಟ್ಟಿದವನು ಕೊನೆಯ ನುಡಿಯಲ್ಲಿ ತನ್ನೂರು, ತನ್ನ ಗುರು, ತನ್ನ ಹೆಸರು ಸೇರಿಸುತ್ತಿದ್ದ. ಬೇರೆಯವರು ಆ ಪದ ಹಾಡಬಹುದಿತ್ತು, ಆದರೆ ಅಂಕಿತ ತೆಗೆದು ಹಾಡಿದರೆ ಕಳ್ಳತನ. ಹಾಡಲು ಎಲ್ಲರಿಗೂ ಬಿಡುವು, ಹೆಸರು ಮಾತ್ರ ಕಟ್ಟಿದವನದು ಎಂಬ ಈ ಕಟ್ಟಳೆ ಯಾವ ಕಾಯ್ದೆಯೂ ಇಲ್ಲದೆ ನಡೆದುಬಂದಿತ್ತು.

ಆ ಕಾಲದಲ್ಲಿ ಕಲಾವಿದರು ಸುಖವಾಗಿದ್ದರು ಎಂದುಕೊಳ್ಳುವುದು ಬೇಡ. ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದ ಶರೀಫರು (1819–1889) ಮುಲ್ಕಿ ಪರೀಕ್ಷೆ ಮುಗಿಸಿ ಕೆಲಕಾಲ ಶಾಲಾ ಮಾಸ್ತರಿಕೆ ಮಾಡಿದವರು. ಅವರ ಪದಗಳು ಅವರಿಗೆ ಗಳಿಕೆ ತರಲಿಲ್ಲ. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳಿಗೆ ಅನ್ನ, ಆಸರೆ, ಸಂಗೀತ ಮೂರನ್ನೂ ಕೊಟ್ಟರು. ಜೋಳಿಗೆಯೊಂದೇ ಸಾಲದೆ ನಾಟಕ ಕಂಪನಿ ಕಟ್ಟಿ, ಟಿಕೆಟ್ಟಿನ ರೊಕ್ಕದಿಂದ ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಆಧಾರ ಮಾಡಿದರು. ಅವರ ಶಿಷ್ಯ, ದೇವಗಿರಿಯ ಪುಟ್ಟರಾಜ ಗವಾಯಿಗಳು (1914–2010) ಕಂಪನಿಯನ್ನೂ ಆಶ್ರಮವನ್ನೂ ಮುಂದುವರಿಸಿದರು. ಸಂಗೀತದ ದೊಡ್ಡ ಧರ್ಮಸಂಸ್ಥೆಯೊಂದು ನಿಂತದ್ದು ರಂಗದ ಟಿಕೆಟ್ಟಿನ ಮೇಲೆ ಎಂಬುದನ್ನು ಗವಾಯಿಗಳ ಚರಿತ್ರೆ ಹೇಳುವವರು ಯಾಕೋ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ.

ಪ್ಲೇಟು, ಕ್ಯಾಸೆಟ್ಟು, ಚಿಪ್ಪು

1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದರು. ಹಾಡಿನ ಕೊನೆಗೆ ತಮ್ಮ ಹೆಸರನ್ನೂ ಕೂಗಿ ಹೇಳಿದರು. ಆ ಗೌಹರ್ ಜಾನ್ ಕಡೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡರು. ಪ್ಲೇಟು ಊರೂರಿಗೆ ಹೋದರೂ ಮುಪ್ಪಿನಲ್ಲಿ ಕೈಹಿಡಿದದ್ದು ಅರಸರ ಸಂಬಳ. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ ಅವರ ಮೊದಲ ಪ್ಲೇಟುಗಳು ಬಂದಾಗ ಅವುಗಳ ಮೇಲೆ ಅಚ್ಚಾದದ್ದು ‘ಗಾಂಧಾರಿ’ ಎಂಬ ಹೆಸರು. ಪ್ಲೇಟಿನ ದಾರಿ ಕಾಯುವ ಕಂಪನಿಯವರು ಹಾಡುವವರಿಗೆ ಹೆಸರನ್ನೂ ಇಡುವ ಕಾಲ ಶುರುವಾಗಿತ್ತು.

1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ಈ ಭಾಗದ ಹಾಡುಗಾರರಿಗೆ ಹೊಸ ಮರ್ಯಾದೆಯೊಂದು ಸಿಕ್ಕಿತು: ಶ್ರೇಣಿ. ಬಿ, ಬಿ-ಹೈ, ಎ ಎಂದು ಅಳೆದು, ಅದರ ಮೇಲೆ ಸಂಭಾವನೆ ಗೊತ್ತುಮಾಡುತ್ತಿದ್ದರು. ಸಣ್ಣ ಚೆಕ್ಕು, ಆದರೆ ತಪ್ಪದೆ ಬರುತ್ತಿತ್ತು.

ಆಮೇಲೆ ಕ್ಯಾಸೆಟ್ಟು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸ್ವರ ಹಾಕಿದ ‘ನಿತ್ಯೋತ್ಸವ’ ಬಂತು. ಸಿ. ಅಶ್ವತ್ಥ್ ಶರೀಫರನ್ನು ಮನೆಮನೆಗೆ ಮುಟ್ಟಿಸಿದರು. 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಆ ಸ್ವರಗಳನ್ನು ಇನ್ನಷ್ಟು ಗಟ್ಟಿಮಾಡಿತು. ಉತ್ತರ ಕರ್ನಾಟಕದಲ್ಲಿ ಗುರುರಾಜ ಹೊಸಕೋಟೆಯವರ ಪದಗಳು ಟ್ರ್ಯಾಕ್ಟರಿನ ಟೇಪುಗಳಲ್ಲಿ ಕುಣಿದವು. ಕ್ಯಾಸೆಟ್ ಕಂಪನಿಯವರು ಹಾಡುಗಾರನಿಗೆ ಒಂದು ಸಲದ ರೊಕ್ಕ ಕೊಟ್ಟು ಸಹಿ ಮಾಡಿಸಿಕೊಳ್ಳುವುದು ರೂಢಿಯಾಯಿತು. ಎಷ್ಟು ಕ್ಯಾಸೆಟ್ ಮಾರಿತು ಎಂಬ ಲೆಕ್ಕ ಹಾಡಿದವನ ಕಿವಿಗೆ ಬೀಳುತ್ತಿದ್ದದ್ದು ಅಪರೂಪ.

ಚಿಪ್ಪಿನ ಕಾಲವನ್ನು ಬರೆದಿಟ್ಟವರು ಕಡಿಮೆ. 2016ರಲ್ಲಿ ಜಿಯೋ ಬರುವ ಮುಂಚಿನ ಕೆಲವು ವರ್ಷ ಬಸ್ ಸ್ಟ್ಯಾಂಡಿನ ಮೊಬೈಲ್ ಅಂಗಡಿಯವನೇ ನಮ್ಮ ಸಂಗೀತ ಕಂಪನಿ. ಇಪ್ಪತ್ತು ರೂಪಾಯಿ ಕೊಟ್ಟರೆ ಮೆಮೊರಿ ಕಾರ್ಡಿಗೆ ಭಜನಾ ಪದ, ನಾಟಕದ ಹಾಡು, ಸಿನಿಮಾ ಎಲ್ಲ ತುಂಬಿಸಿಕೊಡುತ್ತಿದ್ದ. ಹಾಡುಗಾರನಿಗೆ ಒಂದು ಪೈಸೆ ಇಲ್ಲ. ಅಂಗಡಿಯವನು ಮಾಡುತ್ತಿದ್ದ ಒಂದೇ ಉಪಕಾರ ಅಂದರೆ ಫೈಲಿನ ಹೆಸರಿನಲ್ಲಿ ಮೇಳದವರ ಫೋನ್ ನಂಬರ್ ಸೇರಿಸುತ್ತಿದ್ದದ್ದು. ಆ ನಂಬರಿಗೆ ಫೋನ್ ಬರುತ್ತಿತ್ತು, ಕಾರ್ಯಕ್ರಮ ಸಿಗುತ್ತಿತ್ತು. ಕಳ್ಳಮಾಲಿನಲ್ಲೇ ಹೊಟ್ಟೆಪಾಡು ಎಂಬ ಈ ವಿಚಿತ್ರವನ್ನು ಹಕ್ಕಿನ ಪರ ಮಾತಾಡುವವರು ಸುಲಭಕ್ಕೆ ಒಪ್ಪುವುದಿಲ್ಲ.

ವಿದ್ಯೆ ಮಾರಬಾರದು ಎನ್ನುವವರು

ಇಲ್ಲಿಂದ ಪಂಥಗಳ ಮಾತು. ಮೊದಲನೆಯದು ಹಳೆಯದು, ನಮ್ಮ ಊರುಗಳಲ್ಲಿ ಈಗಲೂ ಗಟ್ಟಿ: ಹಾಡು ಗುರುವಿನ ಪ್ರಸಾದ, ಅದಕ್ಕೆ ದರ ಹಚ್ಚಬಾರದು. ಪುಣ್ಯಾಶ್ರಮದ ಸಾಧನೆಗೆ ಈ ನಂಬಿಕೆಯೇ ಬೇರು. ಹಣದಾಸೆಯಿಂದ ವಿವರಿಸಲಾಗದ ಒಂದು ಸಂಗತಿಯನ್ನು ಇದು ವಿವರಿಸುತ್ತದೆ: ಹಗಲಿಡೀ ಹೊಲದಲ್ಲಿ ದುಡಿದವರು ಸೋಮವಾರ ಸಂಜೆ ಗುಡಿಯಲ್ಲಿ ಕೂತು ಯಾಕೆ ಹಾಡುತ್ತಾರೆ?

ಆದರೆ ದರ ಹಚ್ಚದಿರಲು ಹೊಲ ಇರಬೇಕು. ಭೂಮಿಯಿಲ್ಲದ ಜೋಗತಿಯರಿಗೆ ಚೌಡಿಕೆ ಪದವೇ ಜೋಳದ ಚೀಲ. ಬೀದಿಬೀದಿ ತಿರುಗಿ ಹಾಡಿ ಕುಣಿದೇ ಬದುಕಿದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, ಮುಂದೆ ಪದ್ಮಶ್ರೀಯೂ ಬಂತು. ‘ಕಲೆ ಮಾರಾಟಕ್ಕಲ್ಲ’ ಎಂಬ ಮಾತನ್ನು ಅಂಥವರೆದುರು ಹೇಳುವ ಮುಂಚೆ ಹೇಳುವವರ ಪಹಣಿ ನೋಡುವುದು ಒಳ್ಳೆಯದು.

ಹಕ್ಕಿನ ಪಂಥ

ಎರಡನೆಯವರು ಕಾಯ್ದೆಯವರು. 1957ರ ಕೃತಿಸ್ವಾಮ್ಯ ಕಾಯ್ದೆ ಹಾಡನ್ನು ಮೂರು ಪದರ ಮಾಡಿ ನೋಡುತ್ತದೆ: ಸಾಹಿತ್ಯ, ಸ್ವರ, ಧ್ವನಿಮುದ್ರಣ. 1977ರಲ್ಲಿ ಸುಪ್ರೀಂ ಕೋರ್ಟು ಸಿನಿಮಾ ಹಾಡಿನ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ನಿರ್ಮಾಪಕನದೇ ಎಂದಿತು. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಹಾಡುವವನಿಗೆ ಕಾಯ್ದೆಯಲ್ಲಿ ಜಾಗವೇ ಇಲ್ಲವಲ್ಲ ಎಂದು ಬೇಸರದಿಂದ ಟಿಪ್ಪಣಿ ಸೇರಿಸಿದರು. ಹಾಡುವವರ, ನುಡಿಸುವವರ ಹಕ್ಕು ಕಾಯ್ದೆಗೆ ಬಂದದ್ದು 1994ರಲ್ಲಿ. ಜಾವೇದ್ ಅಖ್ತರ್ ಮುಂತಾದವರ ಹೋರಾಟದ ನಂತರ 2012ರ ತಿದ್ದುಪಡಿ ಇನ್ನೊಂದು ಹೆಜ್ಜೆ ಇಟ್ಟಿತು: ಕವಿ, ಸ್ವರ ಸಂಯೋಜಕ ಹಕ್ಕು ಬರೆದುಕೊಟ್ಟರೂ ರಾಯಲ್ಟಿಯ ಸಮಪಾಲನ್ನು ಬಿಟ್ಟುಕೊಡುವಂತಿಲ್ಲ.

ಈ ಪಂಥದ ಬಲವೂ ಬಿಕ್ಕಟ್ಟೂ ಶರೀಫರ ಒಂದೇ ಪದದಲ್ಲಿ ಕಾಣುತ್ತದೆ. ಕವಿ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ ಎಂಬುದು ನಮ್ಮ ಕಾಯ್ದೆ. ಶರೀಫರ ಸಾಹಿತ್ಯ ಹಾಗಾಗಿ ಎಲ್ಲರದು. ಅಶ್ವತ್ಥ್ ತೀರಿಕೊಂಡದ್ದು 2009ರ ಡಿಸೆಂಬರಿನಲ್ಲಿ, ಅವರು ಹಾಕಿದ ಸ್ವರಕ್ಕೆ 2069ರ ಕೊನೆಯವರೆಗೆ ಹಕ್ಕುದಾರರಿದ್ದಾರೆ. ಧ್ವನಿಮುದ್ರಣ ಕ್ಯಾಸೆಟ್ ಕಂಪನಿಯದು. ಬೇಂದ್ರೆಯವರ ಕವಿತೆಯಾದರೆ 2041ರ ಕೊನೆಯವರೆಗೆ ಸಾಹಿತ್ಯಕ್ಕೂ ಅನುಮತಿ ಬೇಕು. ರಾಣೇಬೆನ್ನೂರಿನ ಹುಡುಗನೊಬ್ಬ ಅಜ್ಜನಿಂದ ಕಲಿತ ಧಾಟಿಯಲ್ಲಿ ಶರೀಫರನ್ನು ಹಾಡಿ ಏರಿಸಿದರೆ ಯಾವ ತಕರಾರೂ ಬರಬಾರದು. ಆದರೆ ಯೂಟ್ಯೂಬಿನ ಹಕ್ಕು ಪತ್ತೆಹಚ್ಚುವ ಯಂತ್ರಕ್ಕೆ ಅಜ್ಜ ಗೊತ್ತಿಲ್ಲ. ಎರಡು ಧಾಟಿ ಹತ್ತಿರ ಹತ್ತಿರ ಕೇಳಿಸಿದರೆ, ಯಾರು ಮೊದಲು ನೋಂದಾಯಿಸಿದ್ದಾರೋ ಅವರ ಕಡೆಗೆ ರೊಕ್ಕ ಹರಿಯುತ್ತದೆ. ಪದ ನಮ್ಮ ಜಿಲ್ಲೆಯದು, ಧಾಟಿ ನಮ್ಮ ಗುಡಿಯದು, ಆಕ್ಷೇಪಣೆಯ ಫಾರಂ ತುಂಬಬೇಕಾದವರೂ ನಾವೇ.

ಕಾಯ್ದೆಯಲ್ಲಿ ನಮ್ಮ ಕಡೆಯವರಿಗೆ ಅನುಕೂಲವಾದ ಕಲಮೂ ಇದೆ. ಧಾರ್ಮಿಕ ವಿಧಿಯಲ್ಲಿ, ಮದುವೆಯಲ್ಲಿ, ದಿಬ್ಬಣದಲ್ಲಿ ಹಾಡಿದರೆ ಯಾರ ಲೈಸೆನ್ಸೂ ಬೇಡ. ಇದು ಗೊತ್ತಿಲ್ಲದೆ ಹೆದರಿ ರೊಕ್ಕ ಕಟ್ಟಿದವರೂ ಇದ್ದಾರೆ.

ಸಾವಿರ ಅಭಿಮಾನಿಗಳ ಲೆಕ್ಕ

ಮೂರನೆಯವರು ಇಂಟರ್ನೆಟ್ಟಿನ ಆಶಾವಾದಿಗಳು. 2004ರಲ್ಲಿ ಕ್ರಿಸ್ ಆ್ಯಂಡರ್ಸನ್ ‘ಲಾಂಗ್ ಟೇಲ್’ ಎಂಬ ವಾದ ಮುಂದಿಟ್ಟರು: ಅಂಗಡಿಯ ಕಪಾಟಿಗೆ ಮಿತಿಯಿದೆ, ಇಂಟರ್ನೆಟ್ಟಿಗಿಲ್ಲ, ಆದ್ದರಿಂದ ಸಣ್ಣಪುಟ್ಟ ಹಾಡುಗಳಿಗೂ ಗಿರಾಕಿ ಸಿಗುತ್ತಾನೆ. 2008ರಲ್ಲಿ ಕೆವಿನ್ ಕೆಲಿ, ವರ್ಷಕ್ಕೆ ನೂರು ಡಾಲರ್ ಕೊಡುವ ಸಾವಿರ ನಿಜವಾದ ಅಭಿಮಾನಿಗಳಿದ್ದರೆ ಕಲಾವಿದ ಬದುಕಬಲ್ಲ ಎಂದರು. ಕನ್ನಡದಲ್ಲಿ ಈ ದಾರಿಗೆ ಮೊದಲು ನೆನಪಾಗುವುದು ರಘು ದೀಕ್ಷಿತ್. ಶರೀಫರ ಪದಗಳನ್ನು ಗಿಟಾರಿಗೆ ಹೊಂದಿಸಿ, ಸಿನಿಮಾದ ಹಂಗಿಗೆ ಪೂರ್ತಿ ಬೀಳದೆ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದವರೆಗೆ ಹೋದರು. ಮೈಸೂರು-ಬೆಂಗಳೂರಿನ ಸ್ವರಾತ್ಮ ತಂಡವೂ ಇದೇ ಪೈಕಿ.

ವಾದ ಚೆಂದ, ಆದರೆ ಆ್ಯಪುಗಳು ರೊಕ್ಕ ಹಂಚುವ ರೀತಿ ನೋಡಿ. ಕುಪ್ಪೇಲೂರಿನ ಒಬ್ಬಾತ ತಿಂಗಳಿಗೆ ನೂರು ರೂಪಾಯಿ ಚಂದಾ ಕಟ್ಟಿ ತಿಂಗಳಿಡೀ ಒಂದೇ ಭಜನಾ ಮೇಳದ ಪದ ಕೇಳಿದ ಎಂದಿಟ್ಟುಕೊಳ್ಳಿ. ಕಂಪನಿ ತನ್ನ ಭಾಗ ಹಿಡಿದು ಸುಮಾರು ಮೂರನೇ ಎರಡು ಭಾಗವನ್ನು ಹಕ್ಕುದಾರರಿಗೆ ಬಿಡುತ್ತದೆ. ಆ ಅರವತ್ತೈದು-ಎಪ್ಪತ್ತು ರೂಪಾಯಿ ಮೇಳಕ್ಕೆ ಹೋಗುವುದಿಲ್ಲ. ಎಲ್ಲರ ಚಂದಾವನ್ನೂ ಒಂದೇ ರಾಶಿಗೆ ಸುರಿದು, ಒಟ್ಟು ಕೇಳಿಕೆಯಲ್ಲಿ ಯಾರ ಪಾಲು ಎಷ್ಟೋ ಅಷ್ಟರಂತೆ ಹಂಚುತ್ತಾರೆ. ನಮ್ಮಾತನ ರೊಕ್ಕದ ಬಹುಪಾಲು ಅವನು ಹೆಸರೇ ಕೇಳದ ಮುಂಬೈ ಹಾಡುಗಾರನಿಗೆ ಸೇರುತ್ತದೆ. 2019ರ ಫೆಬ್ರುವರಿಯಲ್ಲಿ ಭಾರತಕ್ಕೆ ಬಂದ ಸ್ಪಾಟಿಫೈ 2024ರಿಂದ ಇನ್ನೊಂದು ಗೆರೆ ಎಳೆದಿದೆ: ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳಿಸದ ಹಾಡು ಲೆಕ್ಕಕ್ಕೇ ಇಲ್ಲ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಬರಲು ಸಾವಿರ ಚಂದಾದಾರರು ಬೇಕು, ಜೊತೆಗೆ ವರ್ಷದಲ್ಲಿ ನಾಲ್ಕು ಸಾವಿರ ಗಂಟೆ ವೀಕ್ಷಣೆ, ಇಲ್ಲವೇ ಶಾರ್ಟ್ಸಿಗೆ ಮೂರು ತಿಂಗಳಲ್ಲಿ ಒಂದು ಕೋಟಿ ವೀಕ್ಷಣೆ. ದಾಟಿದವರಿಗೆ ಉದ್ದದ ವಿಡಿಯೊದ ಜಾಹೀರಾತಿನಲ್ಲಿ ಶೇ 55. ಕೇಳುಗನ ರೊಕ್ಕ ಅವನು ಕೇಳಿದವರಿಗೇ ಹೋಗಲಿ ಎಂಬ ಇನ್ನೊಂದು ಪದ್ಧತಿಯೂ ಇದೆ. ಸೌಂಡ್‌ಕ್ಲೌಡ್ 2021ರಲ್ಲಿ ಸಣ್ಣ ಕಲಾವಿದರಿಗೆ ಅದನ್ನು ಶುರುಮಾಡಿತು. ದೊಡ್ಡವರಾರೂ ಪೂರ್ತಿ ಹಿಂಬಾಲಿಸಿಲ್ಲ.

ಕೆಲಿಯವರ ಲೆಕ್ಕದಲ್ಲಿ ನನಗೆ ಕಾಣುವ ಕೊರತೆ ಬೇರೆ. ಆಯೇರಿ ಮಾಡುವವನು ಊರೆದುರು ಕೊಡುತ್ತಾನೆ. ಫೋನಿನಲ್ಲಿ ಗುಟ್ಟಾಗಿ ನೂರು ರೂಪಾಯಿ ಕಳಿಸಿದರೆ ಅವನ ಹೆಸರು ಕೂಗುವವರು ಯಾರು? ಕೆಲವು ಮೇಳದವರು ಪೇಟಿಯ ಮುಂದೆ ಕ್ಯೂಆರ್ ಹಾಳೆ ಅಂಟಿಸಿದ್ದಾರೆ. ಅಲ್ಲೂ ರೊಕ್ಕ ಬಿದ್ದ ಮೇಲೆ ಮೈಕಿನಲ್ಲಿ ಹೆಸರು ಕೂಗಲೇಬೇಕು. ಕೂಗದಿದ್ದರೆ ಎರಡನೇ ಸಲ ಯಾರೂ ಸ್ಕ್ಯಾನ್ ಮಾಡುವುದಿಲ್ಲ.

ಅರ್ಥಶಾಸ್ತ್ರಿಗಳ ತಣ್ಣೀರು

ನಾಲ್ಕನೆಯವರು ಆಸೆ ಹುಟ್ಟಿಸುವುದಿಲ್ಲ. 1966ರಲ್ಲಿ ಬೌಮಲ್ ಮತ್ತು ಬೋವೆನ್ ಎಂಬ ಅಮೆರಿಕದ ಅರ್ಥಶಾಸ್ತ್ರಿಗಳು ಹೇಳಿದ್ದು ಇಷ್ಟೇ: ಉಳಿದ ಕೆಲಸಗಳಲ್ಲಿ ಯಂತ್ರ ಬಂದು ಆಳಿಗೆ ಇಳುವರಿ ಹೆಚ್ಚುತ್ತದೆ, ಕೂಲಿಯೂ ಏರುತ್ತದೆ, ಸಂಗೀತದಲ್ಲಿ ಇಳುವರಿ ಹೆಚ್ಚುವುದಿಲ್ಲ. ಗೋವಿನಜೋಳ ಬಿಡಿಸಲು ಹಿಂದೆ ಹತ್ತು ಆಳು, ಈಗ ಒಂದು ಮಷಿನ್. ಭಜನೆಗೆ ಆಗಲೂ ಐದು ಜನ ಮತ್ತು ಒಂದು ರಾತ್ರಿ, ಈಗಲೂ ಐದು ಜನ ಮತ್ತು ಒಂದು ರಾತ್ರಿ. ಗೌಂಡಿಯ ದಿನಗೂಲಿ ಏರಿದಂತೆಲ್ಲ ಅವನನ್ನು ರಾತ್ರಿ ತಬಲಾಕ್ಕೆ ಕೂರಿಸುವುದು ತುಟ್ಟಿಯಾಗುತ್ತದೆ. ಐದು ಜನರ ಮೇಳ ಮೂವರಾಗಿ, ಕೊನೆಗೆ ಟ್ರ್ಯಾಕ್ ಹಚ್ಚಿ ಒಬ್ಬನೇ ನಿಂತು ಹಾಡುವುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ. ‘ಈಗಿನ ಹುಡುಗರಿಗೆ ಶ್ರದ್ಧೆ ಇಲ್ಲ’ ಎನ್ನುವುದು ಸುಲಭದ ಬೈಗುಳ.

1981ರಲ್ಲಿ ಶರ್ವಿನ್ ರೋಸೆನ್ ಇನ್ನೊಂದು ಸೂತ್ರ ಕೊಟ್ಟರು. ಒಬ್ಬ ಹಾಡಿದ್ದು ಲಕ್ಷಾಂತರ ಜನರಿಗೆ ಮುಟ್ಟುವಂತಾದರೆ, ಪ್ರತಿಭೆಯಲ್ಲಿ ಕೂದಲೆಳೆಯ ಅಂತರವಿದ್ದರೂ ಗಳಿಕೆಯಲ್ಲಿ ಬೆಟ್ಟದ ಅಂತರ ಬೀಳುತ್ತದೆ. ಸವಣೂರು ತಾಲ್ಲೂಕಿನ ಚಿಲ್ಲೂರು ಬಡ್ನಿಯ ಕುರಿಗಾಹಿ ಹನುಮಂತ ಟಿವಿಯ ‘ಸರಿಗಮಪ’ ಸ್ಪರ್ಧೆಯಲ್ಲಿ ಎರಡನೇ ಸ್ಥಾನ ಪಡೆದು, 2025ರ ಜನವರಿಯಲ್ಲಿ ‘ಬಿಗ್ ಬಾಸ್’ ಗೆದ್ದ. ಜಿಲ್ಲೆಯೇ ಸಂಭ್ರಮಿಸಿತು, ನಾನೂ. ಆದರೆ ಅವನಷ್ಟೇ ಕಂಠವಿರುವ ಇನ್ನೂ ಹತ್ತು ಕುರಿಗಾಹಿಗಳು ಈ ಸೀಮೆಯಲ್ಲಿ ಇರಬಹುದು. ಕ್ಯಾಮೆರಾಕ್ಕೆ ಬೇಕಾಗಿದ್ದದ್ದು ಒಬ್ಬ. ಅದರಲ್ಲೂ ಹಾಡಿಗಿಂತ ಕುರಿಯ ಕಥೆ ಹೆಚ್ಚು ಮಾರಾಟವಾಯಿತು ಎಂದು ಹೇಳಿದರೆ ಹನುಮಂತನ ಕಂಠಕ್ಕೆ ಅಪಚಾರ ಮಾಡಿದಂತಲ್ಲ.

ಸರ್ಕಾರ ನೋಡಿಕೊಳ್ಳಲಿ ಎನ್ನುವವರೂ ಇದ್ದಾರೆ. ವಯಸ್ಸಾದ ಕಲಾವಿದರಿಗೆ ಮಾಸಾಶನ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಪ್ರಾಯೋಜಿತ ಕಾರ್ಯಕ್ರಮ, ಶಿಗ್ಗಾವಿ ಬಳಿಯ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯ. ಇವು ಬೇಕು. ಆದರೆ ಅರ್ಜಿ ಬರೆಯಬಲ್ಲವನಿಗೂ ಪದ ಕಟ್ಟಬಲ್ಲವನಿಗೂ ನಂಟು ಕಡಿಮೆ.

ಹಾಡೇ ಲಗ್ನಪತ್ರಿಕೆ

ಇಷ್ಟೂ ಪಂಥಗಳನ್ನು ಪಕ್ಕಕ್ಕಿಟ್ಟು ಉತ್ತರ ಕರ್ನಾಟಕದ ಹುಡುಗರು ತಮ್ಮದೇ ದಾರಿ ಮಾಡಿಕೊಂಡಿದ್ದಾರೆ. ಬೆಳಗಾವಿ, ಬಾಗಲಕೋಟೆ ಕಡೆ ಶುರುವಾದ ಡಿಜೆ ಜಾನಪದ ಈಗ ನಮ್ಮ ಗಣಪತಿ ಮೆರವಣಿಗೆಯನ್ನೂ ಆಳುತ್ತಿದೆ. ಮಾಳು ನಿಪನಾಳ ಅವರಂಥವರ ಹಾಡು ಸಿನಿಮಾ ಹಾಡಿಗೆ ಸಮನಾಗಿ ಓಡುತ್ತದೆ. ಇವರು ಹಾಡನ್ನು ಮಾರಲು ಹೆಣಗುವುದಿಲ್ಲ. ಅವರ ಪಾಲಿಗೆ ಹಾಡು ಲಗ್ನಪತ್ರಿಕೆ: ಎಲ್ಲರಿಗೂ ಬಿಟ್ಟಿ ಹಂಚುವಂಥದ್ದು. ಊಟ ಇರುವುದು ಕಾರ್ಯಕ್ರಮದಲ್ಲಿ, ಅಂದರೆ ಜಾತ್ರೆಯ ರಸಮಂಜರಿಯ ಸುಪಾರಿಯಲ್ಲಿ. ಚಿಪ್ಪಿನ ಅಂಗಡಿಯವನು ಫೈಲಿಗೆ ಫೋನ್ ನಂಬರ್ ಸೇರಿಸುತ್ತಿದ್ದನಲ್ಲ, ಅದೇ ವಿದ್ಯೆ ದೊಡ್ಡದಾಗಿ ಬೆಳೆದಿದೆ. ಈ ಹಾಡುಗಳ ಸಾಹಿತ್ಯ ಹಲವರಿಗೆ ಹಿಡಿಸುವುದಿಲ್ಲ, ನನಗೂ ಅರ್ಧ ಹಿಡಿಸುವುದಿಲ್ಲ. ಆದರೆ ಶರೀಫರಿಂದ ಗೌಹರ್ ಜಾನ್‌ವರೆಗೆ, ಗವಾಯಿಗಳಿಂದ ಹನುಮಂತನವರೆಗೆ ನೋಡುತ್ತ ಬಂದರೆ, ಹಾಡುವವರನ್ನು ಸಾಕಿದ್ದು ಮುದ್ರಿಸಿದ ಹಾಡಿಗಿಂತ ಎದುರು ಕೂತ ಮಂದಿಯೇ ಹೆಚ್ಚು ಎಂಬ ನನ್ನ ತೀರ್ಮಾನಕ್ಕೆ ಈ ಹುಡುಗರೂ ಸಾಕ್ಷಿ.

ಇದಕ್ಕೂ ಮಿತಿ ಇದೆ. ಜಾತ್ರೆ ಇರುವುದು ಸುಗ್ಗಿಯ ನಂತರದ ಕೆಲವು ತಿಂಗಳು. ಮಳೆ ಕೈಕೊಟ್ಟ ವರ್ಷ ಸುಪಾರಿಯೂ ಇಲ್ಲ. ಕೊರೊನಾದಲ್ಲಿ ಜಾತ್ರೆಗಳೇ ನಿಂತಾಗ ಲಗ್ನಪತ್ರಿಕೆ ಮಾತ್ರ ಉಳಿದು ಲಗ್ನ ಇಲ್ಲದಂತಾಯಿತು.

ಇತ್ಯರ್ಥವಾಗದ ತಕರಾರುಗಳು

ಜನಪದ ಯಾರದು ಎಂಬುದು ಇನ್ನೂ ಗೊತ್ತಾಗಿಲ್ಲ. ಜನಪದ ಅಭಿವ್ಯಕ್ತಿಗೆ ಎಂದೇ ನಮ್ಮ ದೇಶದಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. ‘ಸಾಹಿತ್ಯ: ಜನಪದ’ ಎಂದು ಹಾಕಿ ಏರಿಸಿದ ಎಷ್ಟೋ ವಿಡಿಯೊಗಳಲ್ಲಿ ಕೊನೆಯ ನುಡಿಯ ಅಂಕಿತವನ್ನೇ ಕತ್ತರಿಸಿರುತ್ತಾರೆ. ಆ ಪದ ಕಟ್ಟಿದಾತನ ಮಗ ಪಕ್ಕದ ಊರಿನಲ್ಲೇ ಇರಬಹುದು.

ಯಂತ್ರ ಕಟ್ಟಿದ ಕಂಠ ಇನ್ನೊಂದು. 2024ರ ಜುಲೈನಲ್ಲಿ ಬಾಂಬೆ ಹೈಕೋರ್ಟು ಅರಿಜಿತ್ ಸಿಂಗ್ ಅವರ ದನಿಯನ್ನು ಎಐ ಮೂಲಕ ನಕಲು ಮಾಡದಂತೆ ತಡೆ ಕೊಟ್ಟಿತು. ಹೈಕೋರ್ಟಿಗೆ ಹೋಗಲಾರದ ಭಜನಾ ಹಾಡುಗಾರನ ದನಿಗೆ ಆ ರಕ್ಷಣೆ ಎಷ್ಟರಮಟ್ಟಿಗೆ ಸಿಕ್ಕೀತು? ಆ್ಯಪುಗಳು ಚಂದಾ ಹಂಚುವ ಪದ್ಧತಿ ಬದಲಿಸಿದರೆ ಸಣ್ಣವರಿಗೆ ನಿಜವಾಗಿ ಲಾಭವೋ, ಬರೀ ಚಿಲ್ಲರೆಯೋ ಎಂಬ ವಾದವೂ ನಡೆದೇ ಇದೆ.

ಕೊನೆಯದು ನಮ್ಮ ಮೇಳದೊಳಗಿನದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಷ್ಟದ್ದು. ಆಯೇರಿಯ ರೊಕ್ಕ ಹಂಚಲು ರೂಢಿ ಇದೆ. ಬೆಳಗಿನ ಚಹಾ ಕುಡಿಯುತ್ತ ಜಮಖಾನೆಯ ಮೇಲೆ ನೋಟು ಹರವಿ, ಗಾಡಿ ಬಾಡಿಗೆ ತೆಗೆದು, ಉಳಿದದ್ದನ್ನು ಎಲ್ಲರೆದುರೇ ಪಾಲು ಹಾಕುತ್ತೇವೆ. ತಾಳ ಹಿಡಿದವನಿಗೂ ಒಂದು ಪಾಲು ಉಂಟು. ಯೂಟ್ಯೂಬ್ ಚಾನೆಲ್ ಮಾತ್ರ ಒಬ್ಬನ ಇಮೇಲಿನಲ್ಲಿ ಇರುತ್ತದೆ, ರೊಕ್ಕ ಒಬ್ಬನ ಬ್ಯಾಂಕ್ ಖಾತೆಗೆ ಬೀಳುತ್ತದೆ, ಎಂಟು ವರ್ಷದ ಹಿಂದೆ ಏರಿಸಿದ ಪದಕ್ಕೆ ಈ ತಿಂಗಳೂ ಬೀಳುತ್ತದೆ. ಅದರಲ್ಲಿ ತಬಲಾದವನ ಪಾಲೆಷ್ಟು, ಮೇಳ ಬಿಟ್ಟುಹೋದ ಮೇಲೂ ಅದು ಅವನಿಗೆ ಸಲ್ಲಬೇಕೋ, ತೀರಿಕೊಂಡರೆ ಹೆಂಡತಿಗೋ? 1994ರ ತಿದ್ದುಪಡಿ ನುಡಿಸುವವನಿಗೂ ಹಕ್ಕಿದೆ ಎನ್ನುತ್ತದೆ, ಲೆಕ್ಕ ಹೇಗೆ ಎಂದು ಹೇಳುವುದಿಲ್ಲ. ಮೊದಲ ಹಾಡು ಓಡಿದ ಕೂಡಲೇ ಮೇಳ ಒಡೆದದ್ದನ್ನು ಈ ತಾಲ್ಲೂಕಿನಲ್ಲೇ ಕಂಡಿದ್ದೇನೆ. ಒಡೆದವರು ಎರಡು ಚಾನೆಲ್ ಮಾಡಿಕೊಂಡು ಒಂದೇ ಪದವನ್ನು ಎರಡರಲ್ಲೂ ಹಾಕಿದ್ದಾರೆ, ಒಬ್ಬರ ಮೇಲೊಬ್ಬರು ಹಕ್ಕಿನ ದೂರು ಕೊಟ್ಟುಕೊಂಡಿದ್ದಾರೆ.